ಓವನ್ ಇಲ್ಲದ ಮನೆಯ ಕೊಬ್ಬರಿ ಕುಕೀಸ್

ಡಿಸೆಂಬರ್ ತಿಂಗಳ ಚಳಿ ಬೆಳಗು. ಹಾಸನ, ಚಿಕ್ಕಮಗಳೂರು, ಬೆಂಗಳೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬೋರಲು ಹಿಡಿದು ಅಲ್ಲಾಡಿಸಿದರೂ ಒಂದು ಹನಿ ಇಳಿಯುವುದಿಲ್ಲ. ಒಂದು ಮನೆಯಲ್ಲಿ ಅದನ್ನು ಬಿಸಿನೀರಿನ ಚೊಂಬಿನಲ್ಲಿ ಇಳಿಬಿಡುತ್ತಾರೆ, ಇನ್ನೊಂದು ಮನೆಯಲ್ಲಿ ಕಿಟಕಿಯ ಬಿಸಿಲಿಗೆ ಇಡುತ್ತಾರೆ, ಮತ್ತೊಂದರಲ್ಲಿ ಕಡ್ಡಿ ಹಾಕಿ ಕೆದಕುತ್ತಾರೆ. ಶಾಲೆಗೆ ಹೊರಟ ಹುಡುಗಿಯ ಜಡೆ ಅರ್ಧಕ್ಕೇ ನಿಂತಿರುತ್ತದೆ. ಅದೇ ಹೊತ್ತಿಗೆ ಮಂಗಳೂರಿನ ಮನೆಯಲ್ಲಿ ಅದೇ ಎಣ್ಣೆ ಸಲೀಸಾಗಿ ಅಂಗೈಗೆ ಸುರಿಯುತ್ತಿರುತ್ತದೆ.

ಈ ಬಾಟಲಿಗೂ ಅಡುಗೆಮನೆಯ ಕುಕೀಸ್‌ಗೂ ನೇರ ನಂಟಿದೆ. ರಜೆಯ ದಿನ ಮಕ್ಕಳು ಮೊಬೈಲಿನಲ್ಲಿ ‘ನೋ ಬೇಕ್ ಕೊಕೊನಟ್ ಕುಕೀಸ್’ ವಿಡಿಯೊ ತೋರಿಸಿ ಹಟ ಹಿಡಿಯುತ್ತಾರೆ. ಓವನ್ ಬೇಡ, ಮೊಟ್ಟೆ ಬೇಡ, ಕಲಸಿ ತಟ್ಟಿ ಫ್ರಿಜ್‌ನಲ್ಲಿಟ್ಟರೆ ಮುಗಿಯಿತು. ನೋಡುವುದಕ್ಕೆ ಬಲು ಸುಲಭ. ಮಾಡಿದಾಗ ಮಾತ್ರ ಒಬ್ಬರದು ಪುಡಿಪುಡಿಯಾಗಿ ಉದುರುತ್ತದೆ, ಇನ್ನೊಬ್ಬರದು ಬೆರಳಿಗೆ ಅಂಟುತ್ತದೆ, ಮತ್ತೊಬ್ಬರದು ಫ್ರಿಜ್‌ನಿಂದ ಹೊರಗೆ ತೆಗೆದ ಸ್ವಲ್ಪ ಹೊತ್ತಿಗೇ ಮೆತ್ತಗಾಗಿ ಕುಸಿಯುತ್ತದೆ. ಅಳತೆ ಒಂದೇ, ಫಲ ಬೇರೆ ಬೇರೆ.

ಇದು ಕೈಗುಣದ ದೋಷವಲ್ಲ. ಬೇಯಿಸದ ಕುಕೀಸ್ ಯಾವ ಬಲದಿಂದ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು ವಿಡಿಯೊಗಳು ಹೇಳುವುದಿಲ್ಲ. ಅದೊಂದು ತಿಳಿದರೆ ಅಳತೆಯ ಚೀಟಿ ಇಲ್ಲದೆಯೂ ಮನೆಯಲ್ಲಿರುವ ಸಾಮಾನಿನಿಂದಲೇ ಚೆನ್ನಾಗಿ ಮಾಡಬಹುದು. ಕನ್ನಡದ ಅಡುಗೆಮನೆಗೆ ಈ ವಿದ್ಯೆ ಹೊಸದೂ ಅಲ್ಲ. ನಾಗರ ಪಂಚಮಿಯ ಚಿಗಳಿ, ತಂಬಿಟ್ಟು, ಬಾಣಂತಿಗೆ ಕೊಡುವ ಅಂಟಿನ ಉಂಡೆ, ಅಮೀನಗಡ ಮತ್ತು ಗೋಕಾಕದ ಕರದಂಟು ಇವೆಲ್ಲ ಓವನ್ ಕಾಣದೆಯೇ ಗಟ್ಟಿಯಾದ ತಿಂಡಿಗಳು.

ಓವನ್ ಮಾಡುವ ಕೆಲಸ

ಸಾಮಾನ್ಯ ಬಿಸ್ಕತ್ತಿನ ಹಿಟ್ಟು ಓವನ್ ಒಳಗೆ ಹೋದಾಗ ಮೊದಲು ಬೆಣ್ಣೆ ಕರಗುತ್ತದೆ. ಆಮೇಲೆ ಹಿಟ್ಟಿನ ಪಿಷ್ಟ ಇರುವ ಅಲ್ಪಸ್ವಲ್ಪ ನೀರನ್ನು ಹೀರುತ್ತದೆ, ಪ್ರೋಟೀನು ಬಿಗಿಯುತ್ತದೆ, ಉಳಿದ ನೀರು ಆವಿಯಾಗಿ ಹೋಗುತ್ತದೆ. ಕೊನೆಗೆ ಮೇಲ್ಮೈ 140 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದಾಗ ಸಕ್ಕರೆಯೂ ಪ್ರೋಟೀನೂ ಸೇರಿ ಕಂದು ಬಣ್ಣ ಮತ್ತು ಆ ಘಮ ಹುಟ್ಟುತ್ತದೆ. ಅಂದರೆ ಓವನ್ ನೀರನ್ನು ತೆಗೆಯುತ್ತದೆ, ಹಿಟ್ಟನ್ನು ಬೇಯಿಸುತ್ತದೆ, ಘಮ ಕೊಡುತ್ತದೆ.

ಓವನ್ ಇಲ್ಲವೆಂದಮೇಲೆ ಈ ಮೂರಕ್ಕೂ ಬೇರೆ ದಾರಿ ಹುಡುಕಬೇಕು. ನೀರು ಕಡಿಮೆಯಿರುವ ಸಾಮಾನು ಆರಿಸಬೇಕು, ಮೊದಲೇ ಬೆಂದ ಅಥವಾ ಹುರಿದ ಹಿಟ್ಟನ್ನೇ ಬಳಸಬೇಕು, ಘಮವನ್ನು ಬಾಣಲೆಯಲ್ಲಿ ಬೇರೆಯಾಗಿ ಹುಟ್ಟಿಸಬೇಕು. ಇಲ್ಲಿಗೆ ತೆಂಗು ಹೇಳಿ ಮಾಡಿಸಿದ ಸಾಮಾನು. ಅದರಲ್ಲಿ ಕೊಬ್ಬಿದೆ, ನಾರಿದೆ, ಸ್ವಂತ ಸಿಹಿ ಪರಿಮಳವಿದೆ. ಆದರೆ ತೆಂಗು ನಮ್ಮ ಮನೆಗೆ ಬರುವುದು ಒಂದೇ ರೂಪದಲ್ಲಲ್ಲ. ಎಡವುವುದು ಹೆಚ್ಚಾಗಿ ಇಲ್ಲೇ.

ಹಸಿಕಾಯಿ, ಕೊಬ್ಬರಿ, ಪ್ಯಾಕೆಟ್ ತುರಿ

ಒಡೆದ ಹಸಿಕಾಯಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರು, ಮೂರನೇ ಒಂದು ಭಾಗ ಕೊಬ್ಬು. ತುರಿದು ಕೈಯಲ್ಲಿ ಹಿಂಡಿದರೆ ಹಾಲು ಬರುವುದು ಇದಕ್ಕೇ. ಈ ನೀರು ಕುಕೀಸ್ ಗಟ್ಟಿಯಾಗದಂತೆ ತಡೆಯುತ್ತದೆ. ಅದೂ ಸಾಲದೆಂದು ಬೇಗ ಹುಳಿಸುತ್ತದೆ. ಹಸಿಕಾಯಿಯ ತುರಿಯನ್ನು ಹಾಗೇ ಕಲಸಿ ಮಾಡಿದ ತಿಂಡಿಯನ್ನು ಆ ದಿನವೇ ತಿಂದು ಮುಗಿಸಬೇಕು.

ಕೊಬ್ಬರಿಯ ಕಥೆ ಬೇರೆ. ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರವುತ್ತಾರೆ. ಎಂಟರಿಂದ ಹನ್ನೆರಡು ತಿಂಗಳು ಅದು ಅಲ್ಲೇ ಇರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಒಣಗುತ್ತಾ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಗಟ್ಟಿ ಉಂಡೆ ಗುಡುಗುಡು ಎಂದರೆ ಕೊಬ್ಬರಿಯಾಗಿದೆ ಎಂದರ್ಥ. ಬೆಂಕಿಯಿಲ್ಲ, ಯಂತ್ರವಿಲ್ಲ, ಒಂದು ವರ್ಷದ ತಾಳ್ಮೆಯಷ್ಟೇ. ಬೇಯಿಸದ ಕುಕೀಸ್‌ಗೆ ಬೇಕಾದ ಮುಖ್ಯ ಕೆಲಸ, ಅಂದರೆ ನೀರನ್ನು ತೆಗೆಯುವ ಕೆಲಸ, ಅಟ್ಟದ ಮೇಲೇ ಮುಗಿದಿರುತ್ತದೆ.

ಹೀಗಾದ ಉಂಡೆ ಕೊಬ್ಬರಿ ತಿನ್ನುವುದಕ್ಕೆಂದೇ ಇರುವಂಥದ್ದು. ಎಣ್ಣೆ ತೆಗೆಯಲು ಕಾಯಿ ಒಡೆದು ಒಣಗಿಸಿದ ಕೊಬ್ಬರಿ ಬೇರೆ. ಕೇರಳದಲ್ಲಿ ಆಗುವುದು ಹೆಚ್ಚಾಗಿ ಅದೇ. ಕೇಂದ್ರ ಸರ್ಕಾರ ಬೆಂಬಲ ಬೆಲೆಯನ್ನು ಎರಡಕ್ಕೂ ಬೇರೆ ಬೇರೆಯಾಗಿ ಘೋಷಿಸುತ್ತದೆ. ನಮ್ಮ ಉಂಡೆ ಕೊಬ್ಬರಿಗೆ ಉತ್ತರ ಭಾರತದ ಹಬ್ಬ, ಮದುವೆಗಳಲ್ಲಿ ದೊಡ್ಡ ಬೇಡಿಕೆ. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ನೀರು ನೂರಕ್ಕೆ ಆರರ ಆಸುಪಾಸು, ಎಣ್ಣೆ ಅರವತ್ತಕ್ಕೂ ಮೇಲೆ.

ಮೂರನೆಯದು ಬೇಕರಿಯವರು ಬಳಸುವ ಡೆಸಿಕೇಟೆಡ್ ತುರಿ. ಹಸಿ ತಿರುಳಿನ ಕಂದು ಸಿಪ್ಪೆ ಹೆರೆದು, ತೊಳೆದು, ಬಿಸಿ ಹಾಯಿಸಿ, ತುರಿದು, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ನೀರಿನಂಶ ನೂರಕ್ಕೆ ಮೂರರೊಳಗೆ ಇಳಿಯುತ್ತದೆ. 19ನೇ ಶತಮಾನದ ಕೊನೆಯಲ್ಲಿ ಸಿಲೋನಿನಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ ಇದು ದೊಡ್ಡ ಉದ್ಯಮವಾಗಿ ಬೆಳೆದು ಯುರೋಪಿನ ಬೇಕರಿಗಳಿಗೆ ಹಡಗೇರಿತು. ಅಮೆರಿಕದಲ್ಲಿ ಇದನ್ನು ಮನೆಮಾತಾಗಿಸಿದವರು ಫಿಲಡೆಲ್ಫಿಯಾದ ಹಿಟ್ಟಿನ ವ್ಯಾಪಾರಿ ಫ್ರಾಂಕ್ಲಿನ್ ಬೇಕರ್. 1895ರಲ್ಲಿ ಕ್ಯೂಬಾದ ವರ್ತಕರೊಬ್ಬರು ಹಿಟ್ಟಿನ ಬಾಕಿಗೆ ಹಣದ ಬದಲು ಹಡಗಿನ ತುಂಬ ತೆಂಗಿನಕಾಯಿ ಕಳಿಸಿದರು. ಕೆಡುವುದರೊಳಗೆ ಮಾರಬೇಕಾದ ಇಕ್ಕಟ್ಟಿನಿಂದ ಬೇಕರ್ ತುರಿದು ಒಣಗಿಸುವ ಕೆಲಸಕ್ಕೆ ಇಳಿದರು, ಮುಂದೆ ಹಿಟ್ಟಿನ ವ್ಯಾಪಾರವನ್ನೇ ಬಿಟ್ಟರು. ಇಂದು ತುಮಕೂರು ಜಿಲ್ಲೆಯಲ್ಲೂ ಇಂಥ ಪುಡಿ ತಯಾರಿಸುವ ಘಟಕಗಳಿವೆ.

ಕುಕೀಸ್‌ಗೆ ಕೊಬ್ಬರಿ ತುರಿಯೂ ಆದೀತು, ಡೆಸಿಕೇಟೆಡ್ ತುರಿಯೂ ಆದೀತು. ರುಚಿಯ ಮಾತಿಗೆ ಬಂದರೆ ನನ್ನ ಓಟು ಕೊಬ್ಬರಿಗೆ. ವರ್ಷವಿಡೀ ಚಿಪ್ಪಿನೊಳಗೇ ಕುಳಿತು ಮಾಗಿದ ಪರಿಮಳ ಬಿಸಿಗಾಳಿಯಲ್ಲಿ ಬೇಗ ಒಣಗಿದ ತುರಿಗೆ ಬರುವುದಿಲ್ಲ. ಬಣ್ಣ ಮಾತ್ರ ಡೆಸಿಕೇಟೆಡ್‌ನಷ್ಟು ಬಿಳಿಯಿರುವುದಿಲ್ಲ. ಅದೇನೂ ಕೊರತೆಯಲ್ಲ.

ಎಣ್ಣೆಯೇ ಗಾರೆಯಾದಾಗ

ಈಗ ಮತ್ತೆ ಎಣ್ಣೆಯ ವಿಷಯ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕಿಂತ ತಂಪಾದರೆ ಗಟ್ಟಿ, ಬಿಸಿಯಾದರೆ ದ್ರವ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳು ಬೆಂಗಳೂರಿನ ಚಳಿಗೆ ಹೀಗೆ ಗಟ್ಟಿಯಾಗುವುದಿಲ್ಲ. ಅವುಗಳ ಕೊಬ್ಬಿನ ಸರಪಳಿಗಳು ಅಲ್ಲಲ್ಲಿ ಬಾಗಿರುವುದರಿಂದ ಒಂದಕ್ಕೊಂದು ಒತ್ತಾಗಿ ಕೂರಲಾರವು. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ನೆಟ್ಟಗಿನ ಸರಪಳಿಗಳೇ. ಅದರಲ್ಲೂ ಅರ್ಧದಷ್ಟು ಲಾರಿಕ್ ಆಮ್ಲವೆಂಬ ಒಂದೇ ಬಗೆಯದು. ತಂಪು ತಾಗಿದೊಡನೆ ಅವು ಸಾಲಾಗಿ ಜೋಡಿಕೊಂಡು ಬಿಗಿಯುತ್ತವೆ, ನಡುವಿನ ತುರಿಯನ್ನು ಗಾರೆಯಂತೆ ಹಿಡಿದು ನಿಲ್ಲಿಸುತ್ತವೆ.

ತಣ್ಣನೆಯ ಕೊಬ್ಬರಿ ಕುಕೀಸ್ ಕಡಿದಾಗ ನಾಲಿಗೆಗೆ ತಂಪೆನಿಸುವುದಕ್ಕೂ ಇದೇ ಕಾರಣ. ಅಷ್ಟೂ ಕೊಬ್ಬು ಒಟ್ಟಿಗೇ ಕರಗುವಾಗ ಬಾಯಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ.

ಮಿಕ್ಸಿಯಲ್ಲಿ ಕೊಬ್ಬರಿಯನ್ನು ನಿಲ್ಲಿಸದೆ ತಿರುಗಿಸಿದರೆ ಅದು ಬಿಸಿಯಾಗಿ ಎಣ್ಣೆ ಬಿಡುತ್ತದೆ, ಪುಡಿ ಮುದ್ದೆಯಾಗುತ್ತದೆ. ಚಟ್ನಿಪುಡಿ ಮಾಡುವವರಿಗೆ ಇದು ತಲೆನೋವು, ಕುಕೀಸ್ ಮಾಡುವವರಿಗೆ ವರ. ಚಿಗಳಿಯ ತಂತ್ರವೂ ಇದೇ. ಹುರಿದ ಎಳ್ಳನ್ನು ಬೆಲ್ಲದ ಜೊತೆ ಒರಳಿನಲ್ಲಿ ಕುಟ್ಟುತ್ತಾ ಹೋದರೆ ಎಳ್ಳಿನ ಎಣ್ಣೆ ಹೊರಬರುತ್ತದೆ, ಬೆಲ್ಲ ಅದರೊಂದಿಗೆ ಬೆರೆಯುತ್ತದೆ, ಒಂದು ಹನಿ ನೀರು ಸೋಕದೆ ಉಂಡೆ ಕಟ್ಟಲು ಬರುತ್ತದೆ. ಎಳ್ಳಿನ ಜಾಗದಲ್ಲಿ ಅರ್ಧದಷ್ಟು ಕೊಬ್ಬರಿ ಹಾಕಿ ಕುಟ್ಟಿ ನೋಡಿ. ಚಳಿಗಾಲದಲ್ಲಿ ಚೊಕ್ಕವಾಗಿ ಗಟ್ಟಿಯಾಗುತ್ತದೆ.

ಬೇಸಿಗೆಯಲ್ಲಿ? ಅಲ್ಲೇ ತೊಡಕು. ಏಪ್ರಿಲ್ ತಿಂಗಳ ರಾಯಚೂರಿನಲ್ಲೋ ಉಡುಪಿಯಲ್ಲೋ ಕೊಬ್ಬರಿ ಎಣ್ಣೆಯ ಬಲವನ್ನೇ ನಂಬಿದ ಕುಕೀಸ್ ಫ್ರಿಜ್ ಬಿಟ್ಟು ಹೊರಬಂದರೆ ನಿಲ್ಲುವುದಿಲ್ಲ. ಈ ತೊಡಕನ್ನು ಆಸ್ಟ್ರೇಲಿಯದವರು ಬಗೆಹರಿಸಿಕೊಂಡ ಬಗೆ ಕುತೂಹಲದ್ದು. ಅಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ‘ಚಾಕೊಲೆಟ್ ಕ್ರ್ಯಾಕಲ್’ ಎಂಬ ಬೇಯಿಸದ ತಿಂಡಿ ಬಹು ಜನಪ್ರಿಯ. ಅಕ್ಕಿಯ ಮಂಡಕ್ಕಿಯಂಥ ಕಾಳು, ಕೋಕೊ, ಸಕ್ಕರೆ ಪುಡಿ, ಒಣ ತೆಂಗಿನ ತುರಿ ಇವನ್ನು ಕರಗಿಸಿದ ಕೊಬ್ಬಿನಲ್ಲಿ ಕಲಸಿ ಕಾಗದದ ಬಟ್ಟಲಿಗೆ ಹಾಕಿ ತಣಿಸುತ್ತಾರೆ. ಅದರ ಪಾಕವಿಧಾನ 1937ರ ಡಿಸೆಂಬರ್‌ನಲ್ಲೇ ‘ಆಸ್ಟ್ರೇಲಿಯನ್ ವಿಮೆನ್ಸ್ ವೀಕ್ಲಿ’ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಕ್ರಿಸ್‌ಮಸ್ ಹೊತ್ತಿಗೆ ಅದೇ ಕೊಬ್ಬಿನಲ್ಲಿ ಒಣಹಣ್ಣು ಬೆರೆಸಿ ‘ವೈಟ್ ಕ್ರಿಸ್‌ಮಸ್’ ಮಾಡುತ್ತಾರೆ. ಭೂಮಿಯ ದಕ್ಷಿಣ ಭಾಗದ ಆ ದೇಶದಲ್ಲಿ ಡಿಸೆಂಬರ್ ಎಂದರೆ ಕಡುಬೇಸಿಗೆ. ಬರೀ ಕೊಬ್ಬರಿ ಎಣ್ಣೆ ಅಲ್ಲಿ ನಿಲ್ಲದು. ಆದ್ದರಿಂದ ‘ಕೋಫಾ’ ಎಂಬ ಹೆಸರಿನಲ್ಲಿ ಸಿಗುವ, ಹೈಡ್ರೋಜನ್ ಹಾಯಿಸಿ ಇನ್ನಷ್ಟು ಗಟ್ಟಿ ಮಾಡಿದ ತೆಂಗಿನ ಕೊಬ್ಬನ್ನು ಬಳಸುತ್ತಾರೆ.

ನಮ್ಮ ಮನೆಗಳಲ್ಲಿ ಅದರ ಅಗತ್ಯವಿಲ್ಲ. ಎರಡು ಚಮಚ ತುಪ್ಪ ಬೆರೆಸಿದರೆ ಕೊಬ್ಬರಿ ಎಣ್ಣೆಗಿಂತ ಕೊಂಚ ಹೆಚ್ಚು ಬಿಸಿಯನ್ನು ತಾಳುತ್ತದೆ. ಇನ್ನೊಂದು ಮಾತು: ಚಾಕೊಲೆಟ್ ಕರಗಿಸಿ ಮೇಲೆ ಸವರುವಾಗ ಹೊಳಪಿಗೆಂದು ಅದಕ್ಕೆ ಕೊಬ್ಬರಿ ಎಣ್ಣೆ ಸೇರಿಸಲು ಹಲವರು ಹೇಳುತ್ತಾರೆ. ಕೋಕೊ ಬೆಣ್ಣೆಗೂ ಕೊಬ್ಬರಿ ಎಣ್ಣೆಗೂ ಹೊಂದಿಕೆ ಕಡಿಮೆ. ಎರಡೂ ಬೆರೆತರೆ ಚಾಕೊಲೆಟ್ ಇದ್ದುದಕ್ಕಿಂತ ಮೆದುವಾಗಿ ಬೇಗ ಕರಗುತ್ತದೆ. ಸೆಕೆಯ ಊರಿನವರು ಆ ಸಲಹೆಯನ್ನು ಬಿಡುವುದೇ ಒಳ್ಳೆಯದು.

ಪಾಕದ ಲೆಕ್ಕ

ಎಲ್ಲ ಕಾಲಕ್ಕೂ ಎಲ್ಲ ಊರಿಗೂ ನಿಲ್ಲುವುದು ಸಕ್ಕರೆಯ ಪಾಕ. ಕೊಬ್ಬರಿ ಮಿಠಾಯಿ ಮಾಡುವ ಮನೆಗಳಲ್ಲಿ ಇದರ ಕಲೆ ತಲೆಮಾರುಗಳಿಂದ ಕೈದಾಟಿ ಬಂದಿದೆ. ಅದರ ಹಿಂದಿನ ಲೆಕ್ಕವೂ ಅಷ್ಟೇ ಸೊಗಸು.

ಕೋಣೆಯ ತಾಪದಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಅದೇ ನೀರು ಕುದಿಯುವಾಗ 480 ಗ್ರಾಂ ದಾಟಿ ಹಿಡಿದುಕೊಳ್ಳುತ್ತದೆ. ಪಾಕ ಕುದಿಯುತ್ತಾ ನೀರು ಆವಿಯಾಗಿ ಹೋದಂತೆ ಸಕ್ಕರೆ ಒತ್ತೊತ್ತಾಗುತ್ತದೆ, ಕುದಿಯುವ ತಾಪವೂ ಏರುತ್ತಾ ಹೋಗುತ್ತದೆ. 105 ಡಿಗ್ರಿ ದಾಟಿದ ಮೇಲೆ ಎರಡು ಬೆರಳ ನಡುವೆ ಎಳೆ ಕಾಣತೊಡಗುತ್ತದೆ. 112ರಿಂದ 116ರ ನಡುವೆ ತಣ್ಣೀರಿಗೆ ಬಿಟ್ಟ ಹನಿ ಮೆತ್ತನೆಯ ಉಂಡೆಯಾಗುತ್ತದೆ. ಆಗ ಪಾಕದ 100 ಭಾಗದಲ್ಲಿ 85 ಭಾಗ ಸಕ್ಕರೆಯೇ. ಒಲೆಯಿಂದ ಇಳಿಸಿ ಕೈಯಾಡಿಸಿದಾಗ, ತಣಿಯುತ್ತಿರುವ ನೀರು ಅಷ್ಟು ಸಕ್ಕರೆಯನ್ನು ಇಟ್ಟುಕೊಳ್ಳಲಾರದೆ ಸಣ್ಣ ಹರಳುಗಳಾಗಿ ಬಿಟ್ಟುಕೊಡುತ್ತದೆ. ಆ ಹರಳುಗಳು ತುರಿಯ ನಡುವೆ ಹೆಣೆದುಕೊಂಡಾಗ ಮಿಠಾಯಿ ಗಟ್ಟಿ. ಬಾಣಲೆಯ ಅಂಚಿನಲ್ಲಿ ಬಿಳಿ ನೊರೆ ಕಾಣಿಸಿದಾಗ, ಮಿಶ್ರಣ ತಳ ಬಿಟ್ಟು ಒಟ್ಟಿಗೆ ತಿರುಗಿದಾಗ ತಟ್ಟೆಗೆ ಸುರಿಯಬೇಕೆಂದು ಹಿರಿಯರು ಹೇಳುವುದು ಹರಳುಗಟ್ಟುವುದು ಶುರುವಾದ ಆ ಕ್ಷಣವನ್ನೇ.

ಬೆರಳಿನ ಪರೀಕ್ಷೆಗೆ ಇನ್ನೊಂದು ಹೆಚ್ಚುಗಾರಿಕೆಯಿದೆ. ವಿದೇಶಿ ಪಾಕವಿಧಾನಗಳು ಥರ್ಮಾಮೀಟರಿನ ಅಂಕಿ ಕೊಡುತ್ತವೆ. ಆ ಅಂಕಿಗಳು ಸಮುದ್ರಮಟ್ಟದವು. ಮಂಗಳೂರಿಗೆ ಅವು ಹೊಂದುತ್ತವೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಪುಸ್ತಕದ 114 ಡಿಗ್ರಿಯವರೆಗೆ ಬೆಂಗಳೂರಿನಲ್ಲಿ ಕಾದರೆ ಪಾಕ ಮೀರಿ ಹೋಗಿ ಮಿಠಾಯಿ ಮರಳಾಗುತ್ತದೆ. ಬೆರಳು ಅಳೆಯುವುದು ತಾಪವನ್ನಲ್ಲ, ಪಾಕದ ಸಾಂದ್ರತೆಯನ್ನು. ಹಾಗಾಗಿ ಎಳೆ ಪಾಕ ಕಾರವಾರದಲ್ಲೂ ಎಳೆ ಪಾಕವೇ, ಮಡಿಕೇರಿಯಲ್ಲೂ ಎಳೆ ಪಾಕವೇ. ಥರ್ಮಾಮೀಟರ್ ಇದ್ದವರು ಮೊದಲು ತಮ್ಮೂರಿನಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೆ ಎಂದು ನೋಡಿ, ಆ ವ್ಯತ್ಯಾಸವನ್ನು ಕಳೆದುಕೊಳ್ಳಬೇಕು.

ಅಮೆರಿಕದ ಮನೆಗಳಲ್ಲಿ ‘ನೋ ಬೇಕ್’ ಎಂದು ಹೆಸರಾದ ಕುಕೀಸ್ ಕೂಡ ಇದೇ ಜಾತಿಯದು. ಸಕ್ಕರೆ, ಹಾಲು, ಬೆಣ್ಣೆ, ಕೋಕೊ ಸೇರಿಸಿ ಮರಳುವಂತೆ ಕುದಿಸಿ, ಓಟ್ಸ್ ಮತ್ತು ಕಡಲೆಕಾಯಿ ಬೆಣ್ಣೆ ಬೆರೆಸಿ, ಹಲವರು ತೆಂಗಿನ ತುರಿಯನ್ನೂ ಹಾಕಿ, ಚಮಚದಲ್ಲಿ ಕಾಗದದ ಮೇಲೆ ಬಿಡುತ್ತಾರೆ. ಕುದಿ ಶುರುವಾದ ಮೇಲೆ ಒಂದು ನಿಮಿಷವೆಂದು ಅಲ್ಲಿನವರು ಗಡಿಯಾರ ನೋಡುತ್ತಾರೆ. ಕಡಿಮೆ ಕುದಿಸಿದರೆ ಎಂದಿಗೂ ಗಟ್ಟಿಯಾಗದು, ಹೆಚ್ಚಾದರೆ ಒಣಗಿ ಒಡೆಯುತ್ತದೆ. ನಮ್ಮ ಕೊಬ್ಬರಿ ಮಿಠಾಯಿಗೂ ಅದಕ್ಕೂ ಮೂಲ ವಿದ್ಯೆ ಒಂದೇ.

ಬೆಲ್ಲದ ಸ್ವಭಾವ ಸ್ವಲ್ಪ ಬೇರೆ. ಅದರಲ್ಲಿ ಸಕ್ಕರೆಯ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್‌ಗಳೂ ಇರುತ್ತವೆ. ಅವು ಹರಳುಗಟ್ಟುವುದಕ್ಕೆ ಅಡ್ಡ ಬರುತ್ತವೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಬೆಲ್ಲದ ಕುಕೀಸ್ ಸಕ್ಕರೆಯದರಷ್ಟು ಬಿರುಸಾಗುವುದಿಲ್ಲ, ಜಗಿಯಲು ಹಿತವಾಗಿರುತ್ತದೆ. ಮಳೆಗಾಲದ ಕರಾವಳಿಯಲ್ಲಿ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಜಿನುಗತೊಡಗುತ್ತದೆ. ಸಕ್ಕರೆ ಪಾಕಕ್ಕೆ ಎರಡು ಹನಿ ನಿಂಬೆರಸ ಬಿಟ್ಟಾಗ ಆಗುವುದೂ ಇದೇ ಬದಲಾವಣೆ. ಮಿಠಾಯಿ ಮೃದುವಾಗಿರಬೇಕೆಂದರೆ ಬಿಡಿ, ಬಿಲ್ಲೆಬಿಲ್ಲೆಯಾಗಿ ಮುರಿಯಬೇಕೆಂದರೆ ಬೇಡ.

ಬಿಸ್ಕತ್ತಿನ ಪುಡಿ, ಡಬ್ಬದ ಹಾಲು

ವಿಡಿಯೊಗಳಲ್ಲಿ ಹೆಚ್ಚು ಓಡುವುದು ಮೂರನೆಯ ದಾರಿ. ಮಾರಿ ಬಿಸ್ಕತ್ತನ್ನು ಪುಡಿ ಮಾಡಿ, ತೆಂಗಿನ ತುರಿ ಬೆರೆಸಿ, ಕಂಡೆನ್ಸ್ಡ್ ಮಿಲ್ಕ್ ಹಾಕಿ ಕಲಸುವುದು. ಇಲ್ಲಿ ಬಿಗಿಯುವ ಕೆಲಸ ಒಣ ಪುಡಿಯದು. ಬಿಸ್ಕತ್ತಿನ ಪಿಷ್ಟ ಮತ್ತು ತುರಿಯ ನಾರು ಹಾಲಿನ ತೇವವನ್ನು ನಿಧಾನವಾಗಿ ಹೀರುತ್ತವೆ. ಕಲಸಿದ ಕೂಡಲೇ ಅಂಟಂಟಾಗಿದೆ ಎಂದು ಗಾಬರಿಬಿದ್ದು ಇನ್ನಷ್ಟು ಪುಡಿ ಸುರಿಯುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಮುಚ್ಚಿಟ್ಟು ಕಾಲು ಗಂಟೆ ಬಿಟ್ಟರೆ ತಾನೇ ಹದಕ್ಕೆ ಬರುತ್ತದೆ. ಆತುರದಲ್ಲಿ ಸೇರಿಸಿದ ಪುಡಿ ಮರುದಿನ ಬಿರುಕಾಗಿ ಕಾಣುತ್ತದೆ.

ಎರಡು ಸಾಮಾನೂ 19ನೇ ಶತಮಾನದವು. ಸಕ್ಕರೆ ಹಾಕಿ ಹಾಲನ್ನು ಇಂಗಿಸಿ ಡಬ್ಬಿಯಲ್ಲಿಡುವ ಕ್ರಮಕ್ಕೆ ಅಮೆರಿಕದ ಗೇಲ್ ಬಾರ್ಡನ್ 1856ರಲ್ಲಿ ಪೇಟೆಂಟ್ ಪಡೆದರು. ಮಾರಿ ಬಿಸ್ಕತ್ತನ್ನು ಲಂಡನ್ನಿನ ಪೀಕ್ ಫ್ರೀನ್ ಕಂಪನಿ 1874ರಲ್ಲಿ ರಷ್ಯದ ರಾಜಕುಮಾರಿ ಮಾರಿಯಾ ಅಲೆಕ್ಸಾಂಡ್ರೊವ್ನಾ ಅವರ ಮದುವೆಯ ನೆನಪಿಗೆ ಹೊರತಂದಿತು. ಬ್ರೆಜಿಲ್‌ನಲ್ಲಿ ಹುಟ್ಟುಹಬ್ಬದ ಮೇಜಿನ ಮೇಲೆ ತಪ್ಪದೆ ಕಾಣುವ ‘ಬೇಜಿನ್ಯೊ’ ಎಂಬ ಬಿಳಿ ಉಂಡೆಯೂ ಡಬ್ಬದ ಹಾಲು ಮತ್ತು ತೆಂಗಿನ ತುರಿಯದೇ.

200 ಗ್ರಾಂ ಕಂಡೆನ್ಸ್ಡ್ ಮಿಲ್ಕ್‌ಗೆ 120 ಗ್ರಾಂ ಡೆಸಿಕೇಟೆಡ್ ತುರಿ, 100 ಗ್ರಾಂ ಮಾರಿ ಪುಡಿ ಸರಿಯಾದ ಅಳತೆ. ಒಲೆಯ ಹತ್ತಿರ ಹೋಗದೆ ಮಕ್ಕಳೇ ಮಾಡಬಹುದೆನ್ನುವುದು ಇದರ ದೊಡ್ಡ ಲಾಭ. ಸಿಹಿ ಮಾತ್ರ ವಿಪರೀತ. ಒಂದು ಚಿಟಿಕೆ ಉಪ್ಪು, ಅರ್ಧ ನಿಂಬೆಯ ಸಿಪ್ಪೆಯ ತುರಿ ಹಾಕಿದರೆ ಎಷ್ಟೋ ವಾಸಿ.

ನಮ್ಮ ಡಬ್ಬಿಯ ಸಾಮಾನಿನಿಂದ

ಮೂರು ದಾರಿಗಳನ್ನೂ ಒಟ್ಟಿಗೆ ಬಳಸುವ, ಎಲ್ಲ ಕಾಲಕ್ಕೂ ನಿಲ್ಲುವ ಒಂದು ಕುಕೀಸ್ ಇದೆ. ತಂಬಿಟ್ಟಿನ ಸಂಬಂಧಿ ಎನ್ನಬಹುದು. 160 ಗ್ರಾಂ ಕೊಬ್ಬರಿ ತುರಿ, 100 ಗ್ರಾಂ ಹುರಿಗಡಲೆ, 150 ಗ್ರಾಂ ಬೆಲ್ಲ, ಕಾಲು ಲೋಟ ನೀರು, ಎರಡು ದೊಡ್ಡ ಚಮಚ ತುಪ್ಪ, ನಾಲ್ಕು ಏಲಕ್ಕಿ, ಚಿಟಿಕೆ ಉಪ್ಪು. ಇಷ್ಟಕ್ಕೆ ಚಿಕ್ಕ ಗಾತ್ರದ ಸುಮಾರು 25 ಬಿಲ್ಲೆಗಳಾಗುತ್ತವೆ.

ಕೊಬ್ಬರಿಯ ಕಂದು ಸಿಪ್ಪೆ ಹೆರೆದು ತುರಿಯಿರಿ. ಹೆರೆದ ಸಿಪ್ಪೆಯನ್ನು ಎಸೆಯಬೇಡಿ, ಹುಳಿಪುಡಿಗೆ ಆಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ತುರಿಯನ್ನು ಕೈಬಿಡದೆ ಹುರಿಯಿರಿ. ಅಂಚು ಹೊಂಬಣ್ಣಕ್ಕೆ ತಿರುಗಿ ಮನೆಯೆಲ್ಲ ಘಮ್ಮೆಂದಾಗ ತಕ್ಷಣ ಬೇರೆ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಕಪ್ಪಾಗುತ್ತದೆ. ಓವನ್ ಕೊಡುವ ಘಮವನ್ನು ನಾವು ಪಡೆಯುವುದು ಈ ಹಂತದಲ್ಲಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ರುಚಿ ಸಪ್ಪೆ.

ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಸೋಸಿ, ಮತ್ತೆ ಕುದಿಗೆ ಇಟ್ಟು ಒಂದೆಳೆ ಪಾಕ ಬಂದೊಡನೆ ಇಳಿಸಿ. ತುಪ್ಪ, ಏಲಕ್ಕಿ, ಉಪ್ಪು, ತುರಿ, ಕೊನೆಗೆ ಕಡಲೆಪುಡಿ ಹಾಕಿ ಕಲಸಿ. ಮೊದಲಿಗೆ ಸಡಿಲವೆನಿಸುತ್ತದೆ. ಐದು ನಿಮಿಷದಲ್ಲಿ ಕಡಲೆಪುಡಿ ತೇವ ಹೀರಿ ಮುದ್ದೆ ಬಿಗಿಯುತ್ತದೆ. ಎರಡು ಬಾಳೆಲೆಗಳ ನಡುವೆ ಇಟ್ಟು ಅರ್ಧ ಬೆರಳು ದಪ್ಪಕ್ಕೆ ಲಟ್ಟಿಸಿ, ತುಪ್ಪ ಸವರಿದ ಡಬ್ಬಿಯ ಮುಚ್ಚಳದಿಂದ ಬಿಲ್ಲೆ ಒತ್ತಿ. ಬಿಸಿ ಆರುವುದರೊಳಗೆ ಈ ಕೆಲಸ ಮುಗಿಯಬೇಕು. ಆರಿದ ಮೇಲೆ ಮಿಶ್ರಣ ಬಿರುಕು ಬಿಟ್ಟರೆ ಒಂದು ಚಮಚ ಬಿಸಿ ಹಾಲು ಚಿಮುಕಿಸಿ ಮತ್ತೆ ನಾದಬಹುದು. ಆದರೆ ಹಾಲು ಸೇರಿದ್ದನ್ನು ಎರಡು ದಿನದಲ್ಲಿ ಮುಗಿಸಬೇಕು. ಒಂದು ಗಂಟೆ ಹಾಗೇ ಬಿಟ್ಟರೆ ಬಿಲ್ಲೆಗಳು ಗಟ್ಟಿಯಾಗುತ್ತವೆ.

ಕೆಡುವ ಬಗೆ, ಕಾಯುವ ಬಗೆ

ಕೊಬ್ಬರಿಯ ತಿಂಡಿ ಹಳತಾದಾಗ ಸೋಪಿನ ರುಚಿ ಬರುತ್ತದೆ. ಇದು ಬರೀ ಭ್ರಮೆಯಲ್ಲ. ತೇವ ತಾಗಿದಾಗ ಕೊಬ್ಬು ಒಡೆದು ಲಾರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಸೋಪು ತಯಾರಿಕೆಯಲ್ಲಿ ಕೊಬ್ಬರಿ ಎಣ್ಣೆಗೆ ಬೆಲೆ ತಂದುಕೊಟ್ಟದ್ದೂ ಅದೇ ಆಮ್ಲ. ಒದ್ದೆ ಚಮಚ, ಒದ್ದೆ ಕೈ, ಪೂರ್ತಿ ಆರದೆ ಮುಚ್ಚಿದ ಡಬ್ಬಿ ಇದಕ್ಕೆ ದಾರಿ. ಮೇಲೆ ಹೇಳಿದ ಬಿಲ್ಲೆಗಳು ಒಣಗಿದ ಸ್ಟೀಲ್ ಡಬ್ಬಿಯಲ್ಲಿ ಒಂದು ವಾರ ಚೆನ್ನಾಗಿರುತ್ತವೆ.

ಬೂಷ್ಟು ಹಿಡಿದ ಕೊಬ್ಬರಿಯ ವಿಷಯದಲ್ಲಿ ಉಳಿತಾಯದ ಮಾತು ಬೇಡ. ಮೇಲಿನ ಹಸಿರನ್ನು ಕೆತ್ತಿ ಉಳಿದದ್ದನ್ನು ಬಳಸುವ ರೂಢಿ ಅನೇಕ ಮನೆಗಳಲ್ಲಿದೆ. ಕೊಬ್ಬರಿಯ ಮೇಲೆ ಬೆಳೆಯುವ ಶಿಲೀಂಧ್ರಗಳಲ್ಲಿ ಕೆಲವು ಅಫ್ಲಾಟಾಕ್ಸಿನ್ ಎಂಬ, ಯಕೃತ್ತಿಗೆ ಹಾನಿ ಮಾಡುವ ವಿಷ ಬಿಡುತ್ತವೆ. ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಇಡೀ ಗಿಟುಕನ್ನೇ ಎಸೆಯಬೇಕು.

ಹಸಿ ಮೈದಾ ಇನ್ನೊಂದು ಅಪಾಯ. ಕೆಲವು ವಿಡಿಯೊಗಳಲ್ಲಿ ಹಸಿ ಮೈದಾವನ್ನೇ ಬೆಣ್ಣೆ ಸಕ್ಕರೆಯಲ್ಲಿ ಕಲಸಿ ಉಂಡೆ ಕಟ್ಟುವುದನ್ನು ತೋರಿಸುತ್ತಾರೆ. ಹಿಟ್ಟು ನೋಡಲು ಒಣಗಿದ್ದರೂ ಹೊಲದಿಂದ ಬಂದ ಹಸಿ ಪದಾರ್ಥ, ಅದರಲ್ಲಿ ರೋಗಾಣುಗಳು ಇರಬಹುದು. 2016ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಹಸಿ ಹಿಟ್ಟಿನಿಂದ ಇ-ಕೋಲಿ ಸೋಂಕು ಹರಡಿ ಟನ್‌ಗಟ್ಟಲೆ ಹಿಟ್ಟನ್ನು ಅಂಗಡಿಗಳಿಂದ ವಾಪಸು ಪಡೆಯಬೇಕಾಯಿತು. ಬೇಯಿಸದ ತಿಂಡಿಗೆ ಹುರಿಗಡಲೆ, ಹುರಿದ ರವೆ, ಅವಲಕ್ಕಿ, ಬಿಸ್ಕತ್ತಿನ ಪುಡಿ ಇವೇ ಸರಿ. ಹಳೆಯ ತಿಂಡಿಗಳಲ್ಲಿ ಹಿಟ್ಟನ್ನು ಹುರಿಯದೆ ಬಳಸುವ ಪದ್ಧತಿ ಕಾಣುವುದೇ ಅಪರೂಪ.

ಕೊಬ್ಬರಿ ಹಗುರವಾದ ಆಹಾರವೇನೂ ಅಲ್ಲ. 100 ಗ್ರಾಂ ಒಣ ತುರಿಯಲ್ಲಿ ಸುಮಾರು 660 ಕ್ಯಾಲೊರಿ ಇದೆ, ಕೊಬ್ಬಿನ ಬಹುಪಾಲು ಪರ್ಯಾಪ್ತ (ಸ್ಯಾಚುರೇಟೆಡ್) ಬಗೆಯದು. ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಬಿಲ್ಲೆಗಳನ್ನು ನಾಣ್ಯದ ಗಾತ್ರಕ್ಕೆ ಒತ್ತುವುದು ಜಾಣತನ.

ಯಾವ ಮನೆಗೆ ಯಾವುದು

ಒಲೆ ಮುಟ್ಟದ ವಯಸ್ಸಿನ ಮಕ್ಕಳಿದ್ದರೆ ಡಬ್ಬದ ಹಾಲಿನದು ಮಾಡಿ. ಚಳಿಯ ಊರಿನಲ್ಲಿ, ಫ್ರಿಜ್ ಇರುವ ಮನೆಯಲ್ಲಿ ಎಣ್ಣೆಯ ಬಲವನ್ನು ನಂಬಬಹುದು. ಕರಾವಳಿಯವರಿಗೂ ಬಯಲುಸೀಮೆಯ ಬೇಸಿಗೆಯವರಿಗೂ, ಹಾಸ್ಟೆಲಿಗೆ ಕಟ್ಟಿ ಕಳಿಸುವವರಿಗೂ ಪಾಕವೇ ಗತಿ. ಮೂರರಲ್ಲಿ ರುಚಿಗೂ ಬಾಳಿಕೆಗೂ ನಾನು ಮುಂದಿಡುವುದು ಕೊಬ್ಬರಿ, ಬೆಲ್ಲ, ಹುರಿಗಡಲೆಯ ಕೂಟವನ್ನೇ.

ಪ್ಯಾಕೆಟ್ ಪುಡಿಯ ಕಡೆ ಕೈ ಚಾಚುವ ಮೊದಲು ದಿನಸಿ ಅಂಗಡಿಯಲ್ಲಿ ಕೊಬ್ಬರಿ ಗಿಟುಕು ಕೇಳಿ ನೋಡಿ. ಒಳಮೈ ಬಿಳಿಯಿರಬೇಕು, ಹಳದಿ ಕಲೆಯಾಗಲಿ ಜಿಡ್ಡಿನ ಹೊಳಪಾಗಲಿ ಇರಬಾರದು. ಅಂಚನ್ನು ಮುರಿದರೆ ಬಾಗದೆ ಟಪ್ಪೆಂದು ತುಂಡಾಗಬೇಕು. ಮೂಸಿದಾಗ ಹಳೆ ಎಣ್ಣೆಯ ವಾಸನೆ ಬಂದರೆ ವಾಪಸು ಕೊಟ್ಟುಬಿಡಿ. ಆ ವಾಸನೆಯನ್ನು ಎಷ್ಟು ಏಲಕ್ಕಿ ಹಾಕಿದರೂ ಮುಚ್ಚಲಾಗದು.